ಧರಣಯ್ಯನವರ ಮುಖ ಬರೆದ ವಿಜಯನ್

ವಿಜಯನ್ ಹುಟ್ಟಿದ್ದು ವಯನಾಡಿನಲ್ಲಿ, ಕಾಟ್ಟಿಕುಳಂನಿಂದ ಬಾವಲಿಗೆ ಹೋಗುವ ರಸ್ತೆಯ ಬದಿಯ ಗೌಡರ ಮನೆಯೊಂದರಲ್ಲಿ. ಅವನ ಮುತ್ತಜ್ಜ ಕಬಿನಿಯ ಆಚೆ ದಡದಿಂದ ಎತ್ತು ಹೊಡೆದುಕೊಂಡು ಈಚೆ ಬಂದು ಗದ್ದೆ ಮಾಡಿದವನು. ಮನೆಯೊಳಗೆ ಮಾತು ಕನ್ನಡ, ಹೊಸ್ತಿಲು ದಾಟಿದರೆ ಮಲಯಾಳ. ಶಾಲೆಯಲ್ಲಿ ಕಲಿತ ಅಕ್ಷರವೂ ಮಲಯಾಳವೇ. ಹೀಗಾಗಿ ವಿಜಯನ್‌ಗೆ ಕನ್ನಡ ನಾಲಿಗೆಯ ಮೇಲಿತ್ತು, ಕಣ್ಣಿಗೆ ಇರಲಿಲ್ಲ. ಬಾವಲಿಯ ಅಂಗಡಿಗಳಿಗೆ ಕನ್ನಡದಲ್ಲಿ ಬೋರ್ಡು ಬೇಕಾದಾಗ ಯಾರಾದರೂ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಹೂಬಳ್ಳಿಯ ನಕ್ಷೆ ನೋಡಿದ ಹಾಗೆ ನೋಡಿ ಇಳಿಸುತ್ತಿದ್ದ. ಬರೆದು ಮುಗಿಸಿದ ಮೇಲೆ ಅಂಗಡಿಯವರಿಂದಲೇ ಓದಿಸಿ, "ಓ, ಇದಾ ಬರ್ದದ್ದು ನಾನು" ಎಂದು ನಗುತ್ತಿದ್ದ.

ಅವನ ಕೈ ನಿಜವಾಗಿ ಪಳಗಿದ್ದು ಅಕ್ಷರದಲ್ಲಲ್ಲ, ಮುಖಗಳಲ್ಲಿ. ಹದಿನೇಳನೆಯ ವಯಸ್ಸಿಗೆ ಮಾನಂದವಾಡಿಯ ಒಬ್ಬ ಬೋರ್ಡು ಬರೆಯುವವನ ಬಳಿ ಸೇರಿಕೊಂಡು, ಸಣ್ಣ ಫೋಟೋದ ಮೇಲೆ ಚೌಕ ಚೌಕ ಗೆರೆ ಎಳೆದು ಅದನ್ನು ಗೋಡೆಯ ಅಳತೆಗೆ ಹಿಗ್ಗಿಸುವುದನ್ನು ಕಲಿತ. ಆಮೇಲೆ ಕಾಟ್ಟಿಕುಳಂ ಪೇಟೆಯಲ್ಲಿ ತಗಡು ಮಾಡಿನ ಒಂದು ಕೋಣೆ ಹಿಡಿದ. ಶಾಲೆಗಳ ಗೋಡೆ, ಪಾರ್ಟಿ ಆಫೀಸು, ವಾಯನಶಾಲೆ ಎಂಬ ಊರ ಪುಸ್ತಕಾಲಯ, ಸಮ್ಮೇಳನದ ಕಮಾನು, ಎಲ್ಲ ಕಡೆಯೂ ದೊಡ್ಡವರ ಮುಖಗಳು ಬೇಕಿದ್ದ ಕಾಲ ಅದು. ದೇಶ ಬಿಡಿಸಿದವರು, ಜಾತಿ ಬಿಡಿರಿ ಎಂದವರು, ಕವಿಗಳು, ಗುರುಗಳು, ದೂರ ದೇಶದ ಗಡ್ಡದವರು. ಮೂವತ್ತು ವರ್ಷಗಳಲ್ಲಿ ಎಷ್ಟು ಮುಖ ಬರೆದನೋ ಅವನಿಗೇ ಲೆಕ್ಕವಿಲ್ಲ. ಅವರು ಹೇಳಿದ್ದೇನೆಂದು ಹೆಚ್ಚು ಓದಿದವನಲ್ಲ ವಿಜಯನ್. ಆದರೆ ದೊಡ್ಡವರ ಹಣೆ ಹೇಗಿರಬೇಕು, ಕಣ್ಣಿನ ಬೊಂಬೆಯಲ್ಲಿ ಬಿಳಿಯ ಚುಕ್ಕಿ ಎಲ್ಲಿ ಬೀಳಬೇಕು, ಭುಜದ ಶಾಲು ಎಷ್ಟು ಮಡಿಕೆಯಲ್ಲಿ ಇಳಿಯಬೇಕು ಎಂಬುದು ಅವನ ಬೆರಳುಗಳಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು.

ಎರಡು ಸಾವಿರದ ಒಂಬತ್ತರಲ್ಲಿ, ಅವನಿಗೆ ಐವತ್ತು ತುಂಬಿದ ವರ್ಷ, ಧರಣಯ್ಯ ಸ್ಮಾರಕ ವಾಯನಶಾಲೆಯ ಕಾರ್ಯದರ್ಶಿ ವಿಪಿನ್ ಕೋಣೆಗೆ ಬಂದ. ವಾಯನಶಾಲೆಗೆ ಹೊಸ ಕಟ್ಟಡ ಎದ್ದಿತ್ತು. ಒಳಗೆ ಧರಣಯ್ಯನವರ ಒಂದು ದೊಡ್ಡ ಚಿತ್ರ ಬೇಕು, ಉದ್ಘಾಟನೆಗೆ ಇನ್ನು ಇಪ್ಪತ್ತು ದಿನ.

"ಫೋಟೋ ಕೊಡಿ" ಎಂದ ವಿಜಯನ್.

"ಫೋಟೋ ಇಲ್ಲ ವಿಜಯೇಟ್ಟಾ. ಒಂದೂ ಇಲ್ಲ. ಮಗಳು ಒಬ್ಬರು ಇದ್ದಾರೆ, ಪಯ್ಯಂಪಳ್ಳಿ ಹತ್ತಿರ. ಕೇಳಿ ನೋಡಿ."

ಧರಣಯ್ಯ ಎಂಬ ಹೆಸರು ವಾಯನಶಾಲೆಯ ಬೋರ್ಡಿನ ಮೇಲೆ ವಿಜಯನ್ ತಾನೇ ಮೂರು ಸಲ ಬರೆದಿದ್ದ. ಯಾರು ಏನು ಎಂದು ಕೇಳಿರಲಿಲ್ಲ. ಕೇಳಿದ್ದು ಆ ಮಗಳು ಸುಮತಿಯಮ್ಮನ ಜಗಲಿಯಲ್ಲಿ ಕೂತ ಮೇಲೆಯೇ.

ಸುಮತಿಯಮ್ಮನವರಿಗೆ ಆಗ ಎಂಬತ್ತಮೂರು. ಬೆನ್ನು ಬಾಗಿತ್ತೇ ಹೊರತು ನೆನಪು ಬಾಗಿರಲಿಲ್ಲ. ಸೊಸೆ ಜಿನಶ್ರೀ ಕಾಫಿ ತಂದಿಟ್ಟಳು. ವಿಜಯನ್ ಮನೆಯಲ್ಲಿ ಆಡುವ ಮಾತನ್ನೇ ಅವರೂ ಆಡಿದ್ದರಿಂದ ಹೊರಗಿನವನೆಂಬ ಅಂಜಿಕೆ ಬೇಗ ಹೋಯಿತು. ಅವರು ಹೇಳಿದ ಕತೆ ಇಷ್ಟು.

ಧರಣಯ್ಯನವರದು ದೊಡ್ಡ ಗದ್ದೆಯ ಜೈನ ಮನೆ. ಆ ಕಾಲದಲ್ಲಿ ವಳ್ಳಿಯೂರ್ಕಾವಿನ ದೇವಿಗುಡಿಯ ಉತ್ಸವದ ದಿನ ಗದ್ದೆಯ ಒಡೆಯರು ಹೋಗಿ ಮುಂದಿನ ಒಂದು ವರ್ಷದ ದುಡಿಮೆಗೆ ಆಳುಗಳನ್ನು ಹಿಡಿದು ತರುತ್ತಿದ್ದರು. ಅಡಿಯರು, ಪಣಿಯರು ಎಂಬ ಬುಡಕಟ್ಟಿನವರು ಗಂಡ ಹೆಂಡತಿ ಮಕ್ಕಳ ಸಮೇತ ಒಂದು ಮನೆಗೆ ಕಟ್ಟುಬಿದ್ದರೆ ವರ್ಷ ತುಂಬುವವರೆಗೆ ಅಲ್ಲಿಂದ ಕದಲುವಂತಿಲ್ಲ. ಎಲ್ಲ ಮನೆಯವರೂ ಹೀಗೇ ಮಾಡುತ್ತಿದ್ದರು, ಧರಣಯ್ಯನವರ ಮನೆಯವರೂ ಮಾಡಿದರು. ಮೂವತ್ತನೆಯ ವಯಸ್ಸಿನಲ್ಲಿ ಒಂದು ವರ್ಷ ಧರಣಯ್ಯ ಕಾವಿಗೆ ಹೋಗಿ ಬರಿಗೈಯಲ್ಲಿ ಮರಳಿ ಬಂದರು. ಇನ್ನು ಮೇಲೆ ನಾನು ಮನುಷ್ಯರನ್ನು ಹಿಡಿದು ತರುವುದಿಲ್ಲ ಎಂದರು. ಅಷ್ಟಕ್ಕೇ ಬಿಡದೆ ಆಳುಗಳ ಮಕ್ಕಳನ್ನು ಸಂಜೆ ತಮ್ಮ ಜಗಲಿಯ ಮೇಲೆ ಕೂರಿಸಿ ಅಕ್ಷರ ತಿದ್ದಿಸತೊಡಗಿದರು. ನೋಟುಪುಸ್ತಕಗಳಲ್ಲಿ ಬರೆದರು. ಬಸದಿಗೆ ಬಂದವರಿಗೆ ಅದನ್ನೇ ಓದಿ ಹೇಳಿದರು. ಬರಬರುತ್ತಾ ಬಸದಿಯಲ್ಲಿ ಅವರ ಪಕ್ಕ ಕೂರುವವರು ಇಲ್ಲವಾದರು. ಅಣ್ಣ ಪಾಲು ಮಾಡಿ, ಇವರಿಗೆ ನೀರು ನಿಲ್ಲದ ಕೊನೆಯ ತುಂಡು ಕೊಟ್ಟ. ಐವತ್ತೈದಕ್ಕೆ ತೀರಿಹೋದರು. ಹೆಣ ಹೊರಲು ನಾಲ್ಕು ಜನ ಸೇರುವುದೇ ಕಷ್ಟವಾಯಿತಂತೆ.

ಸುಮತಿಯಮ್ಮ ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಒಂದು ನೋಟುಪುಸ್ತಕ ತಂದರು. ಉಳಿದದ್ದು ಅದೊಂದೇ. ವಿಜಯನ್ ಬಿಡಿಸಿ ನೋಡಿದ. ಇರುವೆ ಸಾಲಿನಂಥ ಕನ್ನಡ ಅಕ್ಷರ. ಅವನಿಗೆ ಒಂದೂ ಹತ್ತಲಿಲ್ಲ.

"ಓದಿ ಹೇಳಿ ಅಮ್ಮಾ."

ಅವರು ಕಣ್ಣ ಹತ್ತಿರ ಹಿಡಿದು ನಿಧಾನವಾಗಿ ಓದಿದರು. "ದಾರಿಯಲ್ಲಿ ಹುಳ ಸಾಯಬಾರದೆಂದು ನಾವು ನೆಲ ನೋಡಿ ನಡೆಯುತ್ತೇವೆ. ನೆಲ ನೋಡಿ ನಡೆದವರಿಗೆ ಎದುರಿಗೆ ನಿಂತ ಮನುಷ್ಯ ಕಾಣುವುದಿಲ್ಲ. ಅವನ ವರ್ಷವನ್ನು ನಾವು ಕೊಂದಿದ್ದೇವೆ. ಅವನ ಮಕ್ಕಳ ವರ್ಷವನ್ನೂ."

ವಿಜಯನ್‌ನ ಅಜ್ಜನೂ ಕಾವಿನಿಂದ ಆಳು ತಂದವನೇ. ಮನೆಯಲ್ಲಿ ಅದನ್ನು ಹೆಮ್ಮೆಯಿಂದ ಹೇಳುವುದನ್ನು ಚಿಕ್ಕಂದಿನಲ್ಲಿ ಕೇಳಿದ್ದ.

"ಈಗ ಮುಖ ಹೇಳಿ" ಎಂದ, ಪೆನ್ಸಿಲು ತೆಗೆದು.

"ಚಂದ ಏನೂ ಇರ್ಲಿಲ್ಲ ಅಪ್ಪ. ಸಿಡುಬು ಬಂದ ಮುಖ. ಕೆನ್ನೆ ತುಂಬ ಕುಳಿ. ಎಡಗಣ್ಣಿನ ರೆಪ್ಪೆ ಕೆಳಕ್ಕೆ ಬಿದ್ದಿತ್ತು, ಅರ್ಧ ಕಣ್ಣು. ಮೂಗು ಈ ಕಡೆಗೆ ಸೊಟ್ಟ."

"ಹುಟ್ಟಿನಿಂದ್ಲೇ?"

"ಅಲ್ಲ ಮಗಾ. ದೊಡ್ಡಪ್ಪ ಹೊಡೆದದ್ದು. ಆಳುಗಳ ಮಕ್ಕಳನ್ನ ಜಗಲಿ ಹತ್ತಿಸಿದ್ದಕ್ಕೆ. ನೊಗದ ಗೂಟದಲ್ಲಿ ಹೊಡೆದ್ರು. ನಂಗೆ ಆಗ ಆರು ವರ್ಷ. ರಕ್ತ ಒರೆಸಿದ ಬಟ್ಟೆ ನಾನೇ ತೊಳ್ದಿದ್ದೆ."

ಪ್ಲೈವುಡ್ಡಿನ ಹಲಗೆಯನ್ನು ಅವರ ಮುಂದೆಯೇ ಗೋಡೆಗೆ ಒರಗಿಸಿ ವಿಜಯನ್ ಮೂರು ದಿನ ಆ ಜಗಲಿಯಲ್ಲಿ ಕೂತು ಇದ್ದಿಲಿನಲ್ಲಿ ಬರೆದ. ಫೋಟೋ ಇಲ್ಲದೆ, ಚೌಕ ಇಲ್ಲದೆ, ಇನ್ನೊಬ್ಬರ ಬಾಯಿಂದ ಬಂದದ್ದನ್ನು ಬರೆದದ್ದು ಅವನ ಬದುಕಿನಲ್ಲಿ ಅದೇ ಮೊದಲು. ಸುಮತಿಯಮ್ಮ ಎದ್ದು ಬಂದು ಬೆರಳು ಇಟ್ಟು ತೋರಿಸುವರು. ಮೂಗು ಇನ್ನೂ ಚೂರು ಬಲಕ್ಕೆ. ಕಿವಿ ದೊಡ್ಡದು. ಹಣೆ ಇಷ್ಟು ಅಗಲ ಬೇಡ. ಅಗಲ ಹಣೆ ಬರೆದು ಬರೆದು ರೂಢಿಯಾದ ಕೈ ಪ್ರತಿ ಸಲವೂ ಅತ್ತ ಎಳೆಯುತ್ತಿತ್ತು, ಅವನು ಅಳಿಸಿ ಕಿರಿದು ಮಾಡುತ್ತಿದ್ದ.

ಮೂರನೆಯ ದಿನ ಮಧ್ಯಾಹ್ನ ಅವರು ಬಹಳ ಹೊತ್ತು ನೋಡಿದರು. "ಬಾಯಿ ಪೂರ್ತಿ ಮುಚ್ಚಿಸ್ಬೇಡ. ಅಪ್ಪನ ಬಾಯಿ ಯಾವಾಗ್ಲೂ ಚೂರು ತೆರ್ದೇ ಇರ್ತಿತ್ತು. ಮೂಗಲ್ಲಿ ಉಸಿರು ಸರಿ ಹೋಗ್ತಿರ್ಲಿಲ್ಲ, ಅದಕ್ಕೆ."

ವಿಜಯನ್ ತುಟಿಯನ್ನು ಒಂದು ಎಳೆಯಷ್ಟು ಬಿಡಿಸಿದ. ಸುಮತಿಯಮ್ಮ ಕಂಬ ಹಿಡಿದುಕೊಂಡರು. "ಬಂದ್ರು" ಎಂದರು. ಒಳಗೆ ತಿರುಗಿ ಸೊಸೆಗೆ, "ಜಿನಶ್ರೀ, ಅಪ್ಪ ಬಂದ್ರು ನೋಡು" ಎಂದರು. ಅರವತ್ತಕ್ಕಿಂತ ಹೆಚ್ಚು ವರ್ಷದ ಮೇಲೆ ಆ ಮುಖವನ್ನು ಅವರು ಹೊರಗೆ ನೋಡುತ್ತಿದ್ದುದು ಅದೇ ಮೊದಲು.

ಅದರ ಫೋಟೋ ಒಂದು ತೆಗೆಸಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಎಲ್ಲರ ಕೈಯಲ್ಲೂ ಕ್ಯಾಮೆರಾ ಇದ್ದ ಕಾಲ ಅಲ್ಲ ಅದು.

ವಿಜಯನ್ ಹಲಗೆಯನ್ನು ಜೀಪಿನಲ್ಲಿ ವಾಯನಶಾಲೆಗೆ ತಂದ. ಕಮಿಟಿಯವರು ಸುತ್ತ ನಿಂತು ನೋಡಿದರು. ಮೊದಲು ಮಾತಾಡಿದ್ದು ವಿಪಿನ್.

"ಇದೇನು ವಿಜಯೇಟ್ಟಾ, ಯಾರೋ ಪೆಟ್ಟು ತಿಂದು ಬಂದವರ ಹಾಗಿದೆ."

"ಪೆಟ್ಟು ತಿಂದವರೇ" ಎಂದ ವಿಜಯನ್. "ಮಗಳೇ ಕೂತು ಬರೆಸಿದ್ದು. ಹೀಗೇ ಇದ್ದರಂತೆ."

ಅಧ್ಯಕ್ಷ ಪದ್ಮಪ್ಪ ಕುರ್ಚಿಯಲ್ಲಿ ಕೂತಿದ್ದರು. ವಾಯನಶಾಲೆಗೆ ಜಾಗ ಬಿಟ್ಟುಕೊಟ್ಟವರು ಅವರು. ಧರಣಯ್ಯನವರ ಅಣ್ಣನ ಮೊಮ್ಮಗ. ಚಿತ್ರವನ್ನು ಒಮ್ಮೆ ನೋಡಿ ಮುಖ ಆಚೆ ತಿರುಗಿಸಿದರು. ವಿಜಯನ್ ಜೊತೆ ಅವರು ಕನ್ನಡದಲ್ಲೇ ಮಾತಾಡುತ್ತಿದ್ದರು.

"ಮೂಗು ಬೇಡ ವಿಜಯಾ."

"ಮೂಗು ಇಲ್ಲದೆ ಹೇಗೆ?"

"ಗೊತ್ತಾಯ್ತಲ್ಲ ನಾನು ಹೇಳಿದ್ದು. ಮನೆತನದ ಒಳಗಿನ ಮಾತು ಅದು. ಎಲ್ಲ ಸತ್ತು ಮಣ್ಣಾದವರು. ಮಕ್ಕಳು ನೋಡೋ ಚಿತ್ರ ಇದು, ನೋಡಿದ್ರೆ ಕೈ ಮುಗಿಯೋ ಹಾಗಿರ್ಬೇಕು. ನೀನು ಎಷ್ಟು ಜನ ದೊಡ್ಡವರನ್ನ ಬರ್ದಿದ್ದೀಯ, ನಾನು ಹೇಳಿಕೊಡ್ಬೇಕಾ?"

ಉದ್ಘಾಟನೆಗೆ ಎಂಟು ದಿನ ಉಳಿದಿತ್ತು. ಆ ಹೊತ್ತಿಗೆ ಫ್ಲೆಕ್ಸ್ ಬಂದು ಅವನ ಗೋಡೆಗಳನ್ನೆಲ್ಲ ತಿಂದುಹಾಕಿತ್ತು. ಆ ವರ್ಷ ಅವನಿಗೆ ಸಿಕ್ಕಿದ್ದ ಒಂದೇ ದೊಡ್ಡ ಕೆಲಸ ಅದು. ಒಂದು ದಿನ ವಾದಿಸಿದ. ಮರುದಿನ ಮನೆಯಲ್ಲಿ ಹೆಂಡತಿ ಲೀಲಳಿಗೆ ಹೇಳಿದಾಗ ಅವಳು, "ಮಗಳಿಗೆ ಗೊತ್ತಲ್ಲ ಅಪ್ಪನ ಮುಖ, ಅದು ಎಲ್ಲಿಗೆ ಹೋಗ್ತದೆ. ಅವರು ಕೇಳಿದ್ದನ್ನ ಬರ್ದು ಕೊಡಿ" ಎಂದಳು. ಆ ಮಾತು ಅವನಿಗೆ ಅನುಕೂಲವಾಗಿಯೇ ಕೇಳಿಸಿತು.

ಬೇರೆ ಹಲಗೆ ತರಬಹುದಿತ್ತು. ಆದರೆ ಅಷ್ಟು ದೊಡ್ಡ ಹಲಗೆ ಮಾನಂದವಾಡಿಯಿಂದ ಬರಬೇಕು, ಮೂರು ದಿನ ಹಿಡಿಯುತ್ತದೆ. ವಿಜಯನ್ ಅದೇ ಹಲಗೆಯ ಮೇಲೆ ಬಿಳಿಯ ಪ್ರೈಮರ್ ಎಳೆದ. ಮೊದಲು ಮೂಗು ಮುಚ್ಚಿತು, ಆಮೇಲೆ ಬಾಯಿ. ಅರೆಗಣ್ಣು ಮಾತ್ರ ಒಂದು ಕೋಟು ಬಣ್ಣಕ್ಕೆ ಮುಚ್ಚಲಿಲ್ಲ, ಬಿಳಿಯ ಹಿಂದಿನಿಂದ ನಸುಗಪ್ಪಾಗಿ ಕಾಣುತ್ತಲೇ ಇತ್ತು. ಇನ್ನೊಂದು ಕೋಟು ಹೊಡೆದ.

ಅದರ ಮೇಲೆ ಅವನು ಬರೆದ ಮುಖಕ್ಕೆ ಅಗಲವಾದ ಹಣೆ ಇತ್ತು. ಹಿಂದಕ್ಕೆ ಬಾಚಿದ ನರೆಗೂದಲು, ದುಂಡು ಕನ್ನಡಕ, ನೇರವಾದ ಮೂಗು, ಭುಜದ ಮೇಲೆ ಮೂರು ಮಡಿಕೆಯ ಬಿಳಿ ಶಾಲು. ಕಣ್ಣು ದೂರ ಎಲ್ಲೋ ನೋಡುತ್ತಿತ್ತು. ನಾಲ್ಕು ದಿನದಲ್ಲಿ ಮುಗಿಯಿತು. ಯಾರನ್ನೂ ಒಂದು ಮಾತು ಕೇಳಬೇಕಾಗಿ ಬರಲಿಲ್ಲ.

ಉದ್ಘಾಟನೆಯ ದಿನ ಸುಮತಿಯಮ್ಮನವರನ್ನು ಜೀಪಿನಲ್ಲಿ ಕರೆತಂದು ವೇದಿಕೆಯ ಮೊದಲ ಸಾಲಿನಲ್ಲಿ ಕೂರಿಸಿದರು. ಪರದೆ ಸರಿಯಿತು. ಜನ ಚಪ್ಪಾಳೆ ತಟ್ಟಿದರು. ಸುಮತಿಯಮ್ಮ ಪಕ್ಕದಲ್ಲಿದ್ದವರನ್ನು, "ಇದು ಯಾರು?" ಎಂದು ಕೇಳಿದ್ದು ಹಿಂದೆ ನಿಂತಿದ್ದ ವಿಜಯನ್‌ಗೆ ಕೇಳಿಸಿತು. ಕನ್ನಡದಲ್ಲಿ ಕೇಳಿದ್ದರಿಂದ ಪಕ್ಕದವರಿಗೆ ತಿಳಿಯಲಿಲ್ಲ, ನಕ್ಕು ತಲೆಯಾಡಿಸಿದರು. ಮೈಕು ಅವರ ಕೈಗೆ ಬಂದಾಗ ಸುಮತಿಯಮ್ಮ ಎದ್ದು ನಿಂತು ಹೇಳಿದರು, "ಇದು ನನ್ನ ಅಪ್ಪ ಅಲ್ಲ." ವಿಪಿನ್ ಮೈಕು ತೆಗೆದುಕೊಂಡು ಮಲಯಾಳದಲ್ಲಿ, ಅಮ್ಮ ತಂದೆಯವರ ನೆನಪಿನಿಂದ ಗದ್ಗದಿತರಾಗಿದ್ದಾರೆ ಎಂದ. ಇನ್ನೊಮ್ಮೆ ಚಪ್ಪಾಳೆ ಬಿತ್ತು.

ಹೊರಡುವಾಗ ಅವರು ಬಾಗಿಲ ಹತ್ತಿರ ವಿಜಯನ್‌ನನ್ನು ಕಂಡರು. ಬೈಯಲಿಲ್ಲ. "ಮತ್ತೆ, ಅದು ಎಲ್ಲಿ?" ಎಂದು ಕೇಳಿದರು.

"ಇದರ ಕೆಳಗಿದೆ ಅಮ್ಮಾ" ಎಂದ ವಿಜಯನ್.

ಅವರಿಗೆ ಅರ್ಥವಾಯಿತೋ ಇಲ್ಲವೋ. ಜಿನಶ್ರೀ ಕೈ ಹಿಡಿದು ಜೀಪು ಹತ್ತಿಸಿದಳು.

ಆಮೇಲೆ ಆ ಮುಖ ತನ್ನ ಪಾಡಿಗೆ ಹೊರಟಿತು. ವಾಯನಶಾಲೆಯ ಸ್ಮರಣಸಂಚಿಕೆಯ ಹೊದಿಕೆಯ ಮೇಲೆ ಬಂತು. ಪತ್ರಿಕೆಯೊಂದು ವಯನಾಡಿನ ಮರೆತ ಮಹನೀಯರು ಎಂದು ಬರೆದಾಗ ಅದನ್ನೇ ಹಾಕಿತು. ಶಾಲೆಯ ಕ್ವಿಜ್ ಪುಸ್ತಕದಲ್ಲಿ, ಕ್ಯಾಲೆಂಡರಿನಲ್ಲಿ, ಮೊಬೈಲುಗಳಲ್ಲಿ ತಿರುಗಿತು. ಚಿತ್ರದ ಕೆಳಗೆ, ಅರಿವೇ ಬೆಳಕು ಎಂಬ ಅರ್ಥದ ಒಂದು ಮಲಯಾಳ ವಾಕ್ಯ ಎಲ್ಲ ಕಡೆಯೂ ಇರುತ್ತಿತ್ತು. ಅದನ್ನು ಧರಣಯ್ಯ ಎಂದೂ ಬರೆದವರಲ್ಲ, ಹೊದಿಕೆಯಲ್ಲಿ ಖಾಲಿ ಜಾಗ ಉಳಿದದ್ದಕ್ಕೆ ವಿಪಿನ್ ಸೇರಿಸಿದ್ದು. ಇನ್ನು ನೋಟುಪುಸ್ತಕವನ್ನು ಕಮಿಟಿಯವರು ಕೇಳಿ ತಂದು ಗಾಜಿನ ಕಪಾಟಿನಲ್ಲಿ ಇಟ್ಟರು. ಕಪಾಟಿಗೆ ಬೀಗ ಹಾಕಿದರು. ಕಮಿಟಿಯಲ್ಲಿ ಕನ್ನಡ ಓದಬಲ್ಲವರು ಪದ್ಮಪ್ಪ ಒಬ್ಬರೇ, ಅವರು ಓದುವ ಗೋಜಿಗೆ ಹೋಗಲಿಲ್ಲ. ಇಟ್ಟಾಗ ಯಾವ ಪುಟ ತೆರೆದಿತ್ತೋ ಆ ಪುಟದ ಶಾಯಿ ವರ್ಷ ವರ್ಷಕ್ಕೂ ಬಿಸಿಲಿಗೆ ಬೆಳ್ಳಗಾಗುತ್ತಾ ಹೋಯಿತು.

ವಿಜಯನ್‌ಗೆ ಮೊದಮೊದಲು ಹೆಮ್ಮೆಯೇ ಆಯಿತು. ಅವನ ಯಾವ ಚಿತ್ರವೂ ಇಷ್ಟು ದೂರ ಹೋಗಿರಲಿಲ್ಲ. ಆದರೆ ಪೇಟೆಯ ಗೋಡೆಯ ಮೇಲೆ ಆ ಮುಖ ಕಂಡಾಗಲೆಲ್ಲ ಬಿಳಿಯ ಹಿಂದಿನ ಅರೆಗಣ್ಣು ನೆನಪಾಗಿ ಅವನು ರಸ್ತೆಯ ಆಚೆ ಬದಿಗೆ ಹೋಗತೊಡಗಿದ. ಇದನ್ನು ಯಾರಿಗಾದರೂ ಹೇಳಿದರೆ, "ನೀವೇ ಬರೆದು ನೀವೇ ಅಲ್ಲ ಅಂದರೆ ಹೇಗೆ?" ಎಂದು ನಗುತ್ತಿದ್ದರು.

ಎರಡು ಸಾವಿರದ ಹದಿನೇಳರಲ್ಲಿ ವಾಯನಶಾಲೆಯವರು ಕಾಟ್ಟಿಕುಳಂನಲ್ಲಿ ಧರಣಯ್ಯನವರ ಎದೆಮಟ್ಟದ ಪ್ರತಿಮೆ ನಿಲ್ಲಿಸುವುದೆಂದು ತೀರ್ಮಾನಿಸಿದರು. ಸುದ್ದಿ ಕೇಳಿದ ದಿನವೇ ವಿಜಯನ್ ವಿಪಿನ್‌ನ ಬಳಿ ಹೋದ. ಚಿತ್ರ ಬರೆದದ್ದು ತಪ್ಪಾಯಿತು, ಹಲಗೆ ಮರದ್ದು, ನಾಳೆ ಹುಳ ತಿಂದರೂ ತಿಂದೀತು. ಸಿಮೆಂಟಿನಲ್ಲಿ ಎಬ್ಬಿಸಿದರೆ ಮತ್ತೆ ಕೀಳಲು ಆಗುವುದಿಲ್ಲ, ಒಂದು ತಿಂಗಳು ತಡೆಯಿರಿ, ಸರಿಯಾದದ್ದನ್ನು ಬರೆದುಕೊಡುತ್ತೇನೆ ಎಂದು ಬೇಡಿದ.

ವಿಪಿನ್ ಕೆಟ್ಟವನಲ್ಲ. ತಾಳ್ಮೆಯಿಂದ ಕೇಳಿದ. "ಮಕ್ಕಳು ಎಂಟು ವರ್ಷದಿಂದ ಈ ಮುಖಕ್ಕೆ ಹೂ ಹಾಕುತ್ತಿದ್ದಾರೆ ವಿಜಯೇಟ್ಟಾ. ಈಗ ಬೇರೆ ಮುಖ ತಂದು ಇದು ಧರಣಯ್ಯ ಅಂದರೆ, ಆಗ ಅದು ಯಾರು ಅಂತ ಕೇಳುವುದಿಲ್ಲವಾ? ಇರಲಿ, ನೀವು ತನ್ನಿ. ಮಗಳು ಸಹಿ ಹಾಕಿ ಕೊಟ್ಟರೆ ಕಮಿಟಿಯಲ್ಲಿ ಇಡುತ್ತೇನೆ."

ವಿಜಯನ್ ಹೊಸ ಕಾಗದ, ಪೆನ್ಸಿಲು, ಇದ್ದಿಲ ಕಡ್ಡಿ ತೆಗೆದುಕೊಂಡು ಪಯ್ಯಂಪಳ್ಳಿಗೆ ಹೋದ. ಎಂಟು ವರ್ಷ ಆ ಮನೆಯ ಅಂಗಳ ತುಳಿದಿರಲಿಲ್ಲ, ನಾಚಿಕೆ. ಸುಮತಿಯಮ್ಮನವರಿಗೆ ತೊಂಬತ್ತೊಂದಾಗಿತ್ತು. ಜಗಲಿಯಲ್ಲಿ ಮಂಚ ಹಾಕಿದ್ದರು. ಅವನು ಯಾರೆಂದು ಅವರಿಗೆ ಗೊತ್ತಾಗಲಿಲ್ಲ. ಜಿನಶ್ರೀ ಹತ್ತಿರ ಬಾಗಿ, "ಅತ್ತೆ, ಚಿತ್ರ ಬರೆಯೋ ವಿಜಯಣ್ಣ" ಎಂದು ಜೋರಾಗಿ ಹೇಳಿದಳು. ಅವರು ನಕ್ಕರು, ಎಲ್ಲರನ್ನೂ ನೋಡಿ ನಗುವ ಹಾಗೆ.

"ಅಮ್ಮಾ, ನಿಮ್ಮ ಅಪ್ಪನ ಮುಖ ಇನ್ನೊಂದ್ಸಲ ಹೇಳ್ಬೇಕು. ಕಣ್ಣು ಹೇಗಿತ್ತು?"

"ಅಪ್ಪನ ಕಣ್ಣಾ?" ಅವರು ಯೋಚಿಸಿದರು. ಆಮೇಲೆ ಕೈ ಎತ್ತಿ ಬಾಗಿಲ ಮೇಲೆ ತೋರಿಸಿದರು. "ಅಲ್ಲೇ ಇದ್ದಾರಲ್ಲ."

ಬಾಗಿಲ ಮೇಲೆ ಕಟ್ಟು ಹಾಕಿಸಿದ ಚಿತ್ರ ತೂಗುತ್ತಿತ್ತು. ಅಗಲ ಹಣೆ, ದುಂಡು ಕನ್ನಡಕ, ಮೂರು ಮಡಿಕೆಯ ಶಾಲು. ಮಾಸಿದ ಗಂಧದ ಹಾರ.

"ಕಮಿಟಿಯವರು ಕೊಟ್ರು" ಎಂದಳು ಜಿನಶ್ರೀ ಸಣ್ಣ ದನಿಯಲ್ಲಿ. "ಅತ್ತೆ ಮೊದಲು ನೋಡ್ತಾನೇ ಇರ್ಲಿಲ್ಲ. ತೆಗೀರಿ ತೆಗೀರಿ ಅಂತಿದ್ರು. ಮನೆಗೆ ಬಂದವರು ಎಲ್ಲಿ ಧರಣಯ್ಯನವರು ಅಂತ ಕೇಳ್ತಾರಲ್ಲ, ನಾನೇ ತೆಗೀಲಿಲ್ಲ. ಈಗ ಎರಡು ವರ್ಷದಿಂದ ಬೆಳಿಗ್ಗೆ ಎದ್ದ ಕೂಡ್ಲೆ ಅದಕ್ಕೇ ಕೈ ಮುಗೀತಾರೆ."

ವಿಜಯನ್ ಮಂಚದ ಪಕ್ಕ ನೆಲದ ಮೇಲೆ ಕೂತ. "ಅಮ್ಮಾ, ಅದಲ್ಲ. ಸಿಡುಬಿನ ಕುಳಿ ಇತ್ತು ಅಂದಿದ್ರಿ. ಮೂಗು ಸೊಟ್ಟ. ದೊಡ್ಡಪ್ಪ ಹೊಡೆದದ್ದು. ನೀವು ರಕ್ತದ ಬಟ್ಟೆ ತೊಳ್ದಿದ್ರಿ."

ಸುಮತಿಯಮ್ಮನ ಮುಖ ಮುದುಡಿತು. "ಹೊಡೆದ್ರಾ? ನಮ್ಮ ಅಪ್ಪನ್ನಾ? ಯಾರು ಹೊಡೀತಾರೆ ಅವರನ್ನ? ಎಲ್ಲರೂ ಕೈ ಮುಗೀತಿದ್ರು." ಅವರು ಮತ್ತೆ ಬಾಗಿಲ ಮೇಲೆ ನೋಡಿದರು. "ಕನ್ನಡಕ ಒರೆಸಿ ಕೊಡ್ತಿದ್ದೆ ನಾನು ದಿನಾ. ಸೆರಗಿನಿಂದ."

ಧರಣಯ್ಯನವರು ಕನ್ನಡಕ ಹಾಕಿದವರಲ್ಲ. ಅದನ್ನು ಬರೆದದ್ದು ವಿಜಯನ್. ಅವನು ಕಾಗದ ಸುತ್ತಿಕೊಂಡ. ಜಿನಶ್ರೀ ಕಾಫಿ ತರುವೆನೆಂದರೂ ನಿಲ್ಲದೆ ಹೊರಟು ಬಂದ.

ಇನ್ನು ಉಳಿದದ್ದು ರಾಮನ್. ರಾಮನ್‌ನ ತಾಯಿ ನೀಲಿ ಧರಣಯ್ಯನವರ ಜಗಲಿಯಲ್ಲಿ ಅಕ್ಷರ ಕಲಿತವಳು, ಆ ಮಕ್ಕಳಲ್ಲಿ ಕೊನೆಯವರೆಗೆ ಉಳಿದಿದ್ದವಳು. ಅವಳು ಸತ್ತು ಆರು ವರ್ಷವಾಗಿತ್ತು. ರಾಮನ್‌ಗೆ ಎಪ್ಪತ್ತರ ಹತ್ತಿರ. ಅಡಿಯರ ಕಾಲೋನಿಯಲ್ಲಿ ಸೋರುವ ಒಂದು ಸರ್ಕಾರಿ ಮನೆಯ ಮುಂದೆ ಬಿದಿರು ಸೀಳುತ್ತಾ ಕೂತಿದ್ದ. ಧರಣಯ್ಯನವರ ಮುಖದ ಬಗ್ಗೆ ತಾಯಿ ಏನಾದರೂ ಹೇಳಿದ್ದುಂಟೇ ಎಂದು ವಿಜಯನ್ ಕೇಳಿದ.

ರಾಮನ್ ಕತ್ತಿ ಕೆಳಗಿಟ್ಟ. "ಅವ್ವ ಅವರ ಕಾಲು ಹೇಳ್ತಿದ್ಲು. ಎಡಗಾಲಿನ ಹೆಬ್ಬೆರಳಿಗೆ ಉಗುರು ಇರ್ಲಿಲ್ಲಂತೆ. ಮುಖ ಹೇಳ್ಲಿಲ್ಲ."

"ಯಾಕೆ?"

"ನೋಡಿದ್ರೆ ಅಲ್ವಾ ಹೇಳೋದು. ಒಡೆಯರ ಮುಖ ಯಾರು ನೋಡ್ತಿದ್ರು ಆಗ? ತಲೆ ಎತ್ತಿ ನನ್ನ ನೋಡಿ, ನೋಡಿ ಅಂತ ದಿನಾ ಹೇಳ್ತಿದ್ರಂತೆ. ಸಿಟ್ಟು ಮಾಡ್ತಿದ್ರಂತೆ, ಒಂದ್ಸಲ ಅತ್ತೂಬಿಟ್ರಂತೆ. ಈ ಮಕ್ಕಳಿಗೆ ಕುತ್ತಿಗೆ ಏಳ್ಲಿಲ್ಲ. ಅಕ್ಷರ ಮಣ್ಣಲ್ಲಿ ಇತ್ತು, ಅದು ನೋಡಿ ಕಲಿತ್ರು. ಅವರ ಕಾಲು ಅಲ್ಲೇ ಪಕ್ಕದಲ್ಲಿತ್ತು."

ವಿಜಯನ್ ಕೈಯಲ್ಲಿದ್ದ ಪೆನ್ಸಿಲನ್ನು ಜೇಬಿಗೆ ಸೇರಿಸಿದ.

"ಪ್ರತಿಮೆ ಮಾಡ್ತಾರಂತಲ್ಲ" ಎಂದ ರಾಮನ್. "ಮುಖ ಯಾವ್ದಾದ್ರೂ ಆಗ್ಲಿ ವಿಜಯಣ್ಣಾ. ನಮ್ಗೆ ಜಾಗ ಸಿಗ್ಬೇಕು ಅಂತ ಅವರು ಬರ್ದಿದ್ದಾರೆ ಅಂತ ಅವ್ವ ಹೇಳ್ತಿದ್ಲು. ಆ ಬುಕ್ಕಲ್ಲಿ. ದುಡಿದ ಗದ್ದೆಯಲ್ಲಿ ಒಂದು ಪಾಲು ಅಂತ. ಅದು ಉಂಟಾ ಅದ್ರಲ್ಲಿ? ನೀವು ಓದಿದ್ರಾ?"

"ನಂಗೆ ಓದೋಕೆ ಬರೋದಿಲ್ಲ ರಾಮಾ" ಎಂದ ವಿಜಯನ್. ಐವತ್ತೆಂಟು ವರ್ಷಕ್ಕೆ ಆ ಮಾತು ಹೇಳುವಾಗ ಮೊದಲ ಸಲ ಅವನಿಗೆ ನಗು ಬರಲಿಲ್ಲ. ರಾಮನ್ ಮತ್ತೆ ಬಿದಿರಿಗೆ ಕತ್ತಿ ಇಟ್ಟ. ಅವನ ಹೆಸರಿನಲ್ಲಿ ಇದ್ದದ್ದು ಮೂರು ಸೆಂಟು ಜಾಗ. ಅದರ ಹಕ್ಕುಪತ್ರವೂ ಇನ್ನೂ ಕೈಗೆ ಬಂದಿರಲಿಲ್ಲ.

ಆಮೇಲಿನ ಎರಡು ವಾರ ವಿಜಯನ್ ಕೋಣೆಯ ಬಾಗಿಲು ಮುಚ್ಚಿಕೊಂಡು ತನ್ನ ನೆನಪಿನಿಂದಲೇ ಬರೆಯಲು ಕೂತ. ಅವನು ಆ ಮುಖವನ್ನು ಮೂರು ದಿನ ಕಂಡವನಲ್ಲವೇ. ಸಿಡುಬು, ಅರೆಗಣ್ಣು, ಸೊಟ್ಟ ಮೂಗು, ಬಿಡಿಸಿದ ತುಟಿ, ಎಲ್ಲ ಅವನಿಗೆ ಬಾಯಿಪಾಠವಾಗಿ ಗೊತ್ತಿತ್ತು. ಒಂದೊಂದನ್ನೂ ಬರೆಯುತ್ತಿದ್ದ. ಬರೆದು ದೂರ ನಿಂತು ನೋಡಿದರೆ, ಚಿತ್ರದಲ್ಲಿದ್ದದ್ದು ಗೋಡೆಯ ಧರಣಯ್ಯನವರೇ, ಯಾರೋ ಹೊಡೆದು ಮೂಗು ಸೊಟ್ಟ ಮಾಡಿದಂತಿದ್ದರು. ಹಣೆ ಕಿರಿದು ಮಾಡಿದ. ಆಗ ಯಾವುದೋ ಸಿನಿಮಾದ ಕಳ್ಳನ ಹಾಗಾಯಿತು. ತಿದ್ದಲು ಬೆರಳಿಟ್ಟು ಹೇಳುವವರು ಯಾರೂ ಇರಲಿಲ್ಲ. ಇಪ್ಪತ್ತು ಹಾಳೆ ಆದ ಮೇಲೆ ಲೀಲ ಬಾಗಿಲಲ್ಲಿ ನಿಂತು, "ಊಟಕ್ಕೆ ಬನ್ನಿ" ಎಂದಳು. ನೆಲದ ಮೇಲಿನ ಹಾಳೆಗಳನ್ನು ನೋಡಿ, "ಯಾರಿದು ಇವರೆಲ್ಲ?" ಎಂದು ಕೇಳಿದಳು. ಅವನು ಅವನ್ನೆಲ್ಲ ಒಲೆಗೆ ಕೊಟ್ಟ.

ಹಳೆಯ ಹಲಗೆಯನ್ನು ಕೆರೆದು ನೋಡುವ ಯೋಚನೆಯೂ ಬಂತು. ಒಂದು ಮಧ್ಯಾಹ್ನ ವಾಯನಶಾಲೆಗೆ ಹೋಗಿ ವಿಪಿನ್‌ನ ಅಪ್ಪಣೆ ಪಡೆದು, ಮೂಲೆಯಲ್ಲಿ ಬೆರಳಗಲದಷ್ಟು ಜಾಗದ ಬಣ್ಣವನ್ನು ಕೆಮಿಕಲ್ ಹಚ್ಚಿ ಒರೆಸಿದ. ಬಣ್ಣ ಬಂತು, ಪ್ರೈಮರ್ ಬಂತು, ಅದರ ಜೊತೆಗೆ ಕೆಳಗಿನ ಇದ್ದಿಲ ಗೆರೆಯೂ ಕರಗಿ ಬಟ್ಟೆಗೆ ಹತ್ತಿಕೊಂಡು ಬಂತು. ಬರಿ ಮರ ಉಳಿಯಿತು. ಒರೆಸಿದ ಜಾಗಕ್ಕೆ ಅವನೇ ಶಾಲಿನ ಬಿಳಿ ಹಚ್ಚಿ ಸರಿಮಾಡಿದ.

ಪ್ರತಿಮೆ ಆ ವರ್ಷದ ಕೊನೆಗೆ ಎದ್ದಿತು. ಅನಾವರಣದ ಭಾಷಣಗಳಲ್ಲಿ ಧರಣಯ್ಯನವರ ಪ್ರಸ್ತುತತೆಯ ಬಗ್ಗೆ ನಾಲ್ಕು ಜನ ಮಾತಾಡಿದರು. ಅವರು ಅಕ್ಷರಪ್ರೇಮಿ ಎಂದರು, ಅಹಿಂಸಾವಾದಿ ಎಂದರು, ಎಲ್ಲರನ್ನೂ ಪ್ರೀತಿಸಿದವರು ಎಂದರು. ಕಾವಿನಿಂದ ಆಳು ತರುತ್ತಿದ್ದ ವಿಷಯವನ್ನು ಯಾರೂ ಎತ್ತಲಿಲ್ಲ, ಎದುರಿಗೆ ಕೂತವರಲ್ಲಿ ಆ ಮನೆಗಳವರೇ ಹೆಚ್ಚು. ಕಾಲೋನಿಯಿಂದ ಕರೆಸಿದ ಹೆಂಗಸರು ಕುಣಿದು, ಊಟದ ಪೊಟ್ಟಣ ತೆಗೆದುಕೊಂಡು ಹೋದರು. ರಾಮನ್ ಬಂದಿರಲಿಲ್ಲ. ವಿಜಯನ್‌ಗೆ ಶಾಲು ಹೊದಿಸಿದರು, ಧರಣಯ್ಯನವರಿಗೆ ರೂಪ ಕೊಟ್ಟ ಕಲಾವಿದ ಎಂದು. ಅವನು ಬೇಡವೆನ್ನಲಿಲ್ಲ. ಬೇಡವೆಂದರೆ ಯಾಕೆ ಎಂದು ಹೇಳಬೇಕಾಗಿತ್ತು. ಹೇಳುವ ಮಾತು ಎಂಟು ವರ್ಷದಲ್ಲಿ ಸವೆದುಹೋಗಿತ್ತು.

ಸುಮತಿಯಮ್ಮ ಎರಡು ವರ್ಷದ ಮೇಲೆ ತೀರಿಕೊಂಡರು. ಕೊನೆಯ ದಿನ ಚಿತ್ರವನ್ನು ಗೋಡೆಯಿಂದ ಇಳಿಸಿ ಕೈಗೆ ಕೊಡಿ ಎಂದರಂತೆ. ಎದೆಯ ಮೇಲೆ ಇಟ್ಟುಕೊಂಡೇ ಹೋದರೆಂದು ಜಿನಶ್ರೀ ಹೇಳಿದಳು. ಕೇಳಿದವರೆಲ್ಲ ಎಂಥ ಪುಣ್ಯ ಎಂದರು.

ವಿಜಯನ್‌ಗೆ ಈಗ ಅರವತ್ತಾರು. ಕೋಣೆ ಬಿಟ್ಟುಕೊಟ್ಟಿದ್ದಾನೆ, ಅಲ್ಲಿ ಮೊಬೈಲು ರಿಪೇರಿ ಅಂಗಡಿ ಬಂದಿದೆ. ಒಂದು ಮಳೆಗಾಲ ಮನೆಯಲ್ಲಿ ಕೂತು ಕನ್ನಡ ಅಕ್ಷರ ಕಲಿಯಲು ನೋಡಿದ. ಬಾವಲಿಯಿಂದ ಬಾಲಬೋಧೆ ತರಿಸಿದ. ಅ ಆ ಇ ಈ ಅವನ ಕೈಯಲ್ಲಿ ಬಹಳ ಚಂದ ಮೂಡುತ್ತಿದ್ದವು, ಬೋರ್ಡಿನ ಅಕ್ಷರದ ಹಾಗೆ. ಆದರೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಕಣ್ಣಿಗೆ ಪೊರೆ ಬಂತು. ಆಪರೇಷನ್ ಆಯಿತು, ಒಂದು ಕಣ್ಣು ಸರಿ ಬರಲಿಲ್ಲ. ಅದಕ್ಕೂ ಮೊದಲೊಮ್ಮೆ ವಾಯನಶಾಲೆಗೆ ಹೋಗಿ ಕಪಾಟಿನ ಎದುರು ನಿಂತಿದ್ದ. ತೆರೆದ ಪುಟ ಪೂರ್ತಿ ಬಿಳಿಯಾಗಿತ್ತು. ಇನ್ನೊಂದು ಪುಟ ತಿರುಗಿಸಿ ಇಡಿ ಎಂದು ಕೇಳಿದ. ಬೀಗದ ಕೈ ಪದ್ಮಪ್ಪನವರ ಹತ್ತಿರವಿತ್ತು, ಅವರು ತೀರಿಕೊಂಡ ಮೇಲೆ ಎಲ್ಲಿ ಹೋಯಿತೋ ಗೊತ್ತಿಲ್ಲ ಎಂದರು ವಾಯನಶಾಲೆಯವರು.

ತಿಂಗಳಿಗೊಮ್ಮೆ ಕಣ್ಣಿನ ಔಷಧಿಗೆಂದು ಮಾನಂದವಾಡಿಗೆ ಹೋಗಿ ಮಧ್ಯಾಹ್ನದ ಬಸ್ಸಿಗೆ ಮರಳುತ್ತಾನೆ. ಕಾಟ್ಟಿಕುಳಂ ಹತ್ತಿರವಾದಾಗ ಕಂಡಕ್ಟರು ಬಾಗಿಲ ಬಳಿ ನಿಂತು, "ಪ್ರತಿಮ, ಪ್ರತಿಮ" ಎಂದು ಕೂಗುತ್ತಾನೆ. ಆ ನಿಲ್ದಾಣಕ್ಕೆ ಈಗ ಅದೇ ಹೆಸರು. ಯಾರ ಪ್ರತಿಮೆ ಎಂದು ಹೊಸಬರು ಕೇಳುವುದಿಲ್ಲ, ಕಂಡಕ್ಟರಿಗೂ ಗೊತ್ತಿರಲಾರದು. ವಿಜಯನ್ ಕಂಬಿ ಹಿಡಿದು, ಮೆಟ್ಟಿಲು ಎಲ್ಲಿ ಮುಗಿಯುತ್ತದೆಂದು ಕಾಲಿನಿಂದ ತಡವಿ, ಇಳಿಯುತ್ತಾನೆ.